ಟೈಮಿಂಗ್ ಸರಪಳಿಯ ಗೈಡು ಸವೆದಾಗ

ಯಾದಗಿರಿ, ಶಹಾಪುರ, ಸುರಪುರಗಳ ಗ್ಯಾರೇಜುಗಳ ಮುಂದೆ ಕೆಲಹೊತ್ತು ನಿಂತರೆ ಇಂತಹ ಒಂದು ದೂರು ಕಿವಿಗೆ ಬೀಳುವುದುಂಟು: “ಮುಂಜಾನೆ ಗಾಡಿ ಕರಕರ ಅಂತದರಿ, ಬಿಸಿ ಆದ ಮ್ಯಾಲ ಸುಮ್ಮನಾಗ್ತದ.” ಸದ್ದು ತಾನಾಗಿ ನಿಂತಿತೆಂದು ಸವಾರನು ನಿಶ್ಚಿಂತನಾಗುತ್ತಾನೆ. ಆ ಮೌನವನ್ನು ನಂಬಬಹುದೆ? ಇದನ್ನು ಅರಿಯಬೇಕಾದರೆ ಎಂಜಿನ್ನಿನೊಳಗೆ ಅಡಗಿರುವ ಒಂದು ಸಣ್ಣ ಸರಪಳಿಯ ಪರಿಚಯವನ್ನು ನಾವು ಮಾಡಿಕೊಳ್ಳಬೇಕು.

ಹಿಂದಿನ ಎರಡು ಸ್ಟ್ರೋಕಿನ ಚೇತಕ್ ಸ್ಕೂಟರಿಗೆ ಈ ಸರಪಳಿ ಬೇಕಿರಲಿಲ್ಲ. ಅದರ ಸಿಲಿಂಡರಿನ ತಲೆಯಲ್ಲಿ ಕವಾಟಗಳೇ ಇರಲಿಲ್ಲ. ೨೦೦೧ರಲ್ಲಿ ಮಾರುಕಟ್ಟೆಗೆ ಬಂದ ಹೋಂಡಾ ಆಕ್ಟಿವಾದಂತಹ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಕವಾಟಗಳನ್ನು ಒತ್ತಿ ತೆರೆಯುವ ಕ್ಯಾಮ್ ದಂಡವು ಮೇಲಿದೆ, ಅದನ್ನು ತಿರುಗಿಸುವ ಕ್ರ್ಯಾಂಕ್ ದಂಡವು ಕೆಳಗಿದೆ. ಇವೆರಡನ್ನೂ ಜೋಡಿಸುವುದೇ ಟೈಮಿಂಗ್ ಸರಪಳಿ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದೇ ಸುತ್ತು ಬರಬೇಕು. ಆದುದರಿಂದ ಕೆಳಗಿನ ಚಕ್ರಕ್ಕೆ ೧೫ ಹಲ್ಲುಗಳೆಂದು ಇಟ್ಟುಕೊಂಡರೆ ಮೇಲಿನದಕ್ಕೆ ೩೦ ಹಲ್ಲುಗಳಿರಬೇಕು. ಸರಪಳಿಯ ಒಂದೊಂದು ಕೊಂಡಿಯ ಉದ್ದ ೬.೩೫ ಮಿ.ಮೀ. ಎಂದಿಟ್ಟುಕೊಳ್ಳೋಣ. ಎಂಜಿನ್ನು ನಿಮಿಷಕ್ಕೆ ೬೦೦೦ ಸುತ್ತು ತಿರುಗುವಾಗ ಈ ಸರಪಳಿ ಸೆಕೆಂಡಿಗೆ ಸುಮಾರು ೯.೫ ಮೀಟರ್, ಎಂದರೆ ಗಂಟೆಗೆ ೩೪ ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿದ್ದರೂ ಸರಿಯೆ!

ಓಟವು ಸಮನಾಗಿದ್ದರೆ ಚಿಂತೆಯಿರಲಿಲ್ಲ. ಕವಾಟವನ್ನು ತೆರೆಯುವಾಗ ಅದರ ಸ್ಪ್ರಿಂಗು ಕ್ಯಾಮನ್ನು ತಡೆಯುತ್ತದೆ. ಮುಚ್ಚುವಾಗ ಅದೇ ಸ್ಪ್ರಿಂಗು ಕ್ಯಾಮನ್ನು ಮುಂದಕ್ಕೆ ತಳ್ಳುತ್ತದೆ. ಹೀಗೆ ಸರಪಳಿಯ ಎಳೆತ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಏಕತಾರಿಯ ತಂತಿಯನ್ನು ಮೀಟಿದರೆ ಅದು ಅಡ್ಡಲಾಗಿ ಕಂಪಿಸುವಂತೆ ಈ ಸರಪಳಿಯೂ ಅಡ್ಡಲಾಗಿ ಹೊಯ್ದಾಡುತ್ತದೆ. ತಂತಿಯನ್ನು ನಡುವೆ ಬೆರಳಿನಿಂದ ಒತ್ತಿ ಹಿಡಿದರೆ ಆ ಕಂಪನ ಅಡಗುವುದಷ್ಟೆ. ಎಂಜಿನ್ನಿನಲ್ಲಿ ಆ ಬೆರಳಿನ ಕೆಲಸವನ್ನು ಮಾಡುವುದು ಗೈಡು. ಕ್ರ್ಯಾಂಕು ಎಳೆಯುವ ಬಿಗಿ ಪಕ್ಕದಲ್ಲಿ ಅದು ಸ್ಥಿರವಾಗಿ ನಿಂತಿರುತ್ತದೆ. ಸಡಿಲು ಪಕ್ಕದಲ್ಲಿ ಬಾಗಿದ ಇನ್ನೊಂದು ಪಟ್ಟಿಯನ್ನು ಟೆನ್ಷನರು ಸ್ಪ್ರಿಂಗಿನ ಬಲದಿಂದ ಒತ್ತುತ್ತಿರುತ್ತದೆ.

ಗೈಡಿನ ಮೈ ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಆಗಿರುತ್ತದೆ. ಉಕ್ಕಿನ ಸರಪಳಿ ಅದರ ಮೇಲೆ ಉಜ್ಜುತ್ತ ಎರಡು ಗೀರುಗಳನ್ನು ಕೊರೆಯುತ್ತದೆ. ನಡುವೆ ಎಣ್ಣೆಯ ತೆಳುಪದರ ಇರುವವರೆಗೆ ಈ ಸವೆತ ನಿಧಾನ. ಸ್ಕೂಟರಿನಲ್ಲಿ ಎಂಜಿನ್ ಎಣ್ಣೆ ಇರುವುದೇ ಒಂದು ಲೀಟರಿಗೂ ಕಡಿಮೆ; ಅದರಲ್ಲಿ ೨೦೦ ಮಿಲಿಲೀಟರ್ ಇಲ್ಲವಾದರೆ ಕಾಲುಭಾಗ ಹೋದಂತಾಯಿತು. ನಾರಾಯಣಪುರ ಎಡದಂಡೆ ಕಾಲುವೆಯ ಏರಿಯ ಮೇಲೆ ಬೇಸಗೆಯ ದೂಳಿನಲ್ಲಿ ಓಡಾಡುವ ಗಾಡಿಗೆ ಗಾಳಿಶೋಧಕವು ಸರಿಯಾಗಿ ಕೂಡದಿದ್ದರಂತೂ ಮರಳುಕಣಗಳು ಎಣ್ಣೆಯನ್ನು ಸೇರಿ ಅರದಂತೆ ತೇಯುತ್ತವೆ.

ಇನ್ನು ಮುಂಜಾನೆಯ ಸದ್ದು. ಅಲ್ಯೂಮಿನಿಯಂ ಕಾದಾಗ ಉಕ್ಕಿಗಿಂತ ಸುಮಾರು ಎರಡುಪಟ್ಟು ಹಿಗ್ಗುತ್ತದೆ. ದಂಡಗಳ ಅಂತರ ೨೧೬ ಮಿ.ಮೀ. ಎಂದೂ ಉಷ್ಣತೆಯ ಏರಿಕೆ ೮೦ ಡಿಗ್ರಿ ಸೆಲ್ಸಿಯಸ್ ಎಂದೂ ತೆಗೆದುಕೊಂಡರೆ ಎಂಜಿನ್ನಿನ ಮೈ ಸರಪಳಿಗಿಂತ ಸುಮಾರು ೦.೨ ಮಿ.ಮೀ. ಹೆಚ್ಚು ಬೆಳೆಯುತ್ತದೆ, ಸರಪಳಿ ಅಷ್ಟು ಬಿಗಿಯಾಗುತ್ತದೆ. ಟೆನ್ಷನರಿನ ಚಾಚು ಮುಗಿಯುತ್ತ ಬಂದಾಗ ಈ ಅಲ್ಪಾಂತರವೂ ಗಣ್ಯವೇ. ಸದ್ದು ಅಡಗಿದರೂ ಸವೆತ ಅಡಗಿಲ್ಲ. ಹೀಗೆಯೇ ಬಿಟ್ಟು, ಸರಪಳಿ ಒಂದೇ ಒಂದು ಹಲ್ಲು ಜಾರಿತೆನ್ನಿ: ಕ್ಯಾಮ್ ೧೨ ಡಿಗ್ರಿ ತಪ್ಪಿತು, ಕ್ರ್ಯಾಂಕಿನ ಲೆಕ್ಕದಲ್ಲಿ ೨೪ ಡಿಗ್ರಿ. ಕವಾಟಗಳು ಅಕಾಲದಲ್ಲಿ ತೆರೆಯುತ್ತವೆ, ಶಕ್ತಿ ಕುಂದುತ್ತದೆ. ಜಾರುವಿಕೆ ಹೆಚ್ಚಾದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ನೇ ಕವಾಟಕ್ಕೆ ಬಡಿದು ಅದನ್ನು ಬಾಗಿಸುತ್ತದೆ. ಶಹಾಪುರಕ್ಕೂ ಸುರಪುರಕ್ಕೂ ನಡುವಿನ ದಾರಿಯಲ್ಲಿ ಇದು ಘಟಿಸಿದರೆ ಗಾಡಿಯನ್ನು ಟೆಂಪೋದ ಮೇಲೆ ಹೇರುವುದೊಂದೇ ಉಪಾಯ.

ಬದಲಾಯಿಸುವ ಕ್ರಮವನ್ನು ನೋಡೋಣ. ಮೊದಲು ಟ್ಯಾಪೆಟ್ಟಿನ ಸಂದನ್ನು ಅಳೆಯತಕ್ಕದ್ದು. ಅಲ್ಲಿಯ ಸದ್ದು ಗಡಿಯಾರದಂತೆ ನಿಯತವಾದುದು, ಸರಪಳಿಯದು ಅನಿಯತ. ದೋಷ ಸರಪಳಿಯದೇ ಎಂದು ಖಚಿತವಾದ ಮೇಲೆ, ತಣ್ಣಗಾದ ಎಂಜಿನ್ನಿನ ಹೆಡ್ ಕವರನ್ನು ತೆಗೆದು, ಫ್ಲೈವೀಲಿನ ‘ಟಿ’ ಗುರುತು ಎದುರಿನ ಗುರುತಿಗೆ ಕೂಡುವವರೆಗೆ ಕೈಯಿಂದ ತಿರುಗಿಸಬೇಕು. ಆಗ ಪಿಸ್ಟನ್ ಮೇಲ್ತುದಿಯಲ್ಲಿದ್ದು ಎರಡೂ ಕವಾಟಗಳು ಮುಚ್ಚಿರಬೇಕು. ಹಾಗಿಲ್ಲದಿದ್ದರೆ ಇನ್ನೊಂದು ಸುತ್ತು. ಟೆನ್ಷನರನ್ನು ಹಿಂದಕ್ಕೆ ಸರಿಸಿ, ಕ್ಯಾಮಿನ ಹಲ್ಲುಚಕ್ರವನ್ನು ಬಿಚ್ಚಿ, ಸರಪಳಿ ಕೆಳಗೆ ಬೀಳದಂತೆ ತಂತಿಯಿಂದ ಕಟ್ಟಬೇಕು. ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ ಹೆಡ್ಡನ್ನು ಎತ್ತಿದರೆ, ಬಹುಪಾಲು ಸ್ಕೂಟರುಗಳಲ್ಲಿ ಸ್ಥಿರ ಗೈಡು ಮೇಲಿನಿಂದಲೇ ಹೊರಬರುತ್ತದೆ. ಟೆನ್ಷನರಿನ ಪಟ್ಟಿಯ ಕೀಲು ಕೆಳಗೆ ಕ್ರ್ಯಾಂಕಿನ ಬಳಿ ಇರುವುದರಿಂದ ಆ ಕೆಲಸ ಇನ್ನಷ್ಟು ದೊಡ್ಡದು.

ಹೊಸ ಗೈಡಿಗೆ ಹಳೆಯ ಸರಪಳಿಯನ್ನೇ ಹಾಕುವುದು ನಮ್ಮ ದೃಷ್ಟಿಯಲ್ಲಿ ಉಳಿತಾಯವಲ್ಲ. ಸರಪಳಿ ‘ಹಿಗ್ಗಿತು’ ಎನ್ನುತ್ತಾರೆ. ನಿಜವಾಗಿ ಹಿಗ್ಗುವುದು ಉಕ್ಕಲ್ಲ, ಸವೆಯುವುದು ಕೊಂಡಿಯ ಮೊಳೆ. ೯೦ ಕೊಂಡಿಗಳಲ್ಲಿ ಒಂದೊಂದು ೦.೦೫ ಮಿ.ಮೀ. ಸಡಿಲವಾದರೂ ಒಟ್ಟು ೪.೫ ಮಿ.ಮೀ. ಆಯಿತಲ್ಲವೆ?

ಹೆಡ್ಡಿಗೆ ಹೊಸ ಪ್ಯಾಕಿಂಗನ್ನೇ ಹಾಕಿ, ನಟ್ಟುಗಳನ್ನು ತಯಾರಕರು ಹೇಳಿದಷ್ಟೇ ಬಲದಿಂದ ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದು, ಗುರುತುಗಳನ್ನು ಕೂಡಿಸಿ ಹಲ್ಲುಚಕ್ರವನ್ನು ಜೋಡಿಸಿ, ಟೆನ್ಷನರನ್ನು ಬಿಡಬೇಕು. ಅನಂತರ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ಒಂದು ಸುತ್ತು ಸಾಲದೇಕೆ ಎಂಬುದನ್ನು ವಿದ್ಯಾರ್ಥಿಗಳು ಮೇಲಿನ ಹಲ್ಲುಗಳ ಲೆಕ್ಕದಿಂದ ಊಹಿಸಬಲ್ಲರು. ಸವೆದ ಗೈಡಿನ ಚೂರುಗಳು ಎಣ್ಣೆಯ ಜಾಲರಿಯಲ್ಲಿ ಸಿಕ್ಕಿರುವುದುಂಟು. ಅದನ್ನು ತೊಳೆದು ಹೊಸ ಎಣ್ಣೆ ತುಂಬಿದ ಮೇಲೆಯೇ ಎಂಜಿನ್ನನ್ನು ಚಾಲೂ ಮಾಡತಕ್ಕದ್ದು.