ಅಕ್ಕಡಿ ಸಾಲಿನ ಅಡುಗೆಮನೆ

ಮಗಳೇ, ಬಾಡಿಗೆ, ಮಕ್ಕಳ ಫೀಸು, ಗ್ಯಾಸು ಎಲ್ಲ ಕಳೆದು ಉಳಿದ ದುಡ್ಡಿನಲ್ಲೇ ಮನೆಮಂದಿಗೆ ವಿಷ ಹೊಡೆಯದ ಊಟ ಹಾಕಬೇಕು ಅಂತ ನೀನು ಒದ್ದಾಡ್ತಿರೋದು ನನಗೆ ಗೊತ್ತು. ಆಸೆ ಒಳ್ಳೆಯದೇ. ಆದರೆ ಅದಕ್ಕೆ ಸಾವಯವ ಅಂಗಡಿಯ ಕಪಾಟಿನ ಮುಂದೆ ಹೋಗಿ ನಿಲ್ಲಬೇಕಿಲ್ಲ. ಅಲ್ಲಿರುವ ಕಿನೋವಾ, ಓಟ್ಸು, ಸಾವಯವ ಬಿಸ್ಕತ್ತು ಇವನ್ನೆಲ್ಲ ಮರೆತುಬಿಡು. ನಮ್ಮ ಕಡೆ ಮಳೆ ನೆಚ್ಚಿಕೊಂಡ ಹೊಲದಲ್ಲಿ ಏನು ಬೆಳೆಯುತ್ತೋ ಅದನ್ನು ಹೊಟ್ಟೆ ತುಂಬ ಉಂಡರೆ, ಮನೆಯ ಊಟದ ದೊಡ್ಡ ಪಾಲು ತಾನಾಗೇ ಸರಿಹೋಗುತ್ತೆ.

ರಾಗಿಯಿಂದ ಶುರು ಮಾಡು. ರಾಗಿಗೆ ಹುಳುಬಾಧೆ ಕಡಿಮೆ, ಅದಕ್ಕೆ ಔಷಧಿ ಹೊಡೆಯುವ ರೈತರೂ ಕಡಿಮೆ. ಒಂದಿಷ್ಟು ಯೂರಿಯಾ, ಡಿಎಪಿ ಹಾಕಿರ್ತಾರೆ, ಅಷ್ಟೇ. ಅದನ್ನೂ ಬಿಟ್ಟು ಬರೀ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಯುವವರು ಸಿಕ್ಕರೆ ಇನ್ನೂ ಒಳ್ಳೆಯದು. 2025-26ರ ಹಂಗಾಮಿಗೆ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದರೆ ಕೆ.ಜಿ.ಗೆ 49 ರೂಪಾಯಿಯೂ ಪೂರ್ತಿ ಇಲ್ಲ. ನೀನು ರೈತರಿಗೆ ಅದಕ್ಕಿಂತ ಏಳೆಂಟು ರೂಪಾಯಿ ಜಾಸ್ತಿ ಕೊಟ್ಟರೂ, ಪ್ಯಾಕೆಟ್ಟಿನ ಸಾವಯವ ರಾಗಿ ಹಿಟ್ಟಿಗಿಂತ ಎಷ್ಟೋ ಅಗ್ಗಕ್ಕೆ ಬೀಳುತ್ತೆ. ಅವರಿಗೂ ಲಾಭ, ನಿನಗೂ ಲಾಭ. ಕಾಳಾಗಿಯೇ ತಗೋ, ಹಿಟ್ಟು ಬೇಡ. ರಾಗಿ ಕಾಳಿಗೆ ಹುಳು ಬೀಳೋದು ಅಪರೂಪ, ಹಿಂದಿನವರು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡ್ತಿದ್ದರು. ಹಿಟ್ಟು ಹಾಗಲ್ಲ, ಬೇಗ ಮುಗ್ಗಲಾಗುತ್ತೆ. ತಿಂಗಳಿಗಾಗುವಷ್ಟನ್ನು ಮಾತ್ರ ತೊಳೆದು ಒಣಗಿಸಿ ಮಿಲ್ಲಿಗೆ ಹಾಕಿಸು.

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದರ ಲೆಕ್ಕವೇ ಇಲ್ಲ. ಅದಕ್ಕಿಂತ ನಿನಗೆ ಬೇಕಾದ ಮಾತು ಬೇರೆ: ಮುದ್ದೆ ಹೊಟ್ಟೆಯಲ್ಲಿ ನಿಲ್ಲುತ್ತೆ. ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಬರೀ ಅನ್ನ ತಿಂದವರಿಗೆ ನಾಲ್ಕು ಗಂಟೆಗೆ ಹಸಿವಾಗುತ್ತೆ, ಆಗ ಬೇಕರಿಯ ಪಫ್ಸು, ಚಿಪ್ಸು ಬರುತ್ತೆ. ಒಂದು ತಿಂಗಳು ಆ ಖರ್ಚನ್ನು ಬರೆದಿಟ್ಟು ನೋಡು. ಸಾವಯವಕ್ಕೆ ಬೇಕಾದ ದುಡ್ಡು ಅಲ್ಲೇ ಇರುತ್ತೆ. ಮಕ್ಕಳು ಮುದ್ದೆ ನುಂಗಲ್ಲ ಅಂದರೆ ಬಲವಂತ ಬೇಡ. ನುಗ್ಗೆ ಸೊಪ್ಪು, ಈರುಳ್ಳಿ ಹಾಕಿ ರಾಗಿ ರೊಟ್ಟಿ ತಟ್ಟಿಕೊಡು, ದೋಸೆ ಹುಯ್ದುಕೊಡು, ಸಂಜೆಗೆ ಹುರಿಹಿಟ್ಟಿಗೆ ಬೆಲ್ಲ ಕಾಯಿ ಕಲಸಿಕೊಡು.

ಇನ್ನು ರೈತರ ಹತ್ತಿರ ಹೋದಾಗ ಒಂದು ಮಾತು ತಪ್ಪದೆ ಕೇಳು: "ಅಕ್ಕಡಿ ಸಾಲು ಹಾಕ್ತೀರಾ?" ಅಂತ. ರಾಗಿಯ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳದ ಸಾಲು ಬಿಡೋದನ್ನು ಈಗ ಬಹಳ ಜನ ಕೈಬಿಟ್ಟಿದ್ದಾರೆ. ಇನ್ನೂ ಬಿಡುವವರ ಹೊಲದಲ್ಲಿ ಕಳೆನಾಶಕ ಹೊಡೆಯೋದು ಕಷ್ಟ, ಕಳೆಯ ಜೊತೆ ಅಕ್ಕಡಿ ಬೆಳೆಯೂ ಸುಟ್ಟುಹೋಗುತ್ತಲ್ಲ. ಒಂದೇ ಹೊಲದಿಂದ ನಿನಗೆ ಮುದ್ದೆಗೆ ಹಿಟ್ಟು, ಸಾರಿಗೆ ಬೇಳೆ, ಹುಳಿಗೆ ಕಾಳು, ಒಗ್ಗರಣೆಗೆ ಸಾಸಿವೆ, ಚಟ್ನಿಪುಡಿಗೆ ಹುಚ್ಚೆಳ್ಳು ಬಂತು. ಇದಕ್ಕಿಂತ ದೊಡ್ಡ ಸಾವಯವ ಅಂಗಡಿ ನನಗಂತೂ ಗೊತ್ತಿಲ್ಲ. ಅಂಥ ಒಂದು ಮನೆ ಹಿಡಿದುಕೋ, ವರ್ಷವೂ ಅವರ ಹತ್ತಿರವೇ ತಗೋ. ಒಬ್ಬಳಿಗೇ ಚೀಲ ಭಾರವಾಯಿತು ಅಂದರೆ ಬೀದಿಯ ಮೂರು ನಾಲ್ಕು ಮನೆಯವರು ಸೇರಿ ತರಿಸಿ ಹಂಚಿಕೊಳ್ಳಿ.

ಹುರುಳಿಕಾಳನ್ನು ಬಡವರ ಕಾಳು ಅಂತ ಮೂಲೆಗೆ ತಳ್ಳಬೇಡ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂನಷ್ಟು ಪ್ರೋಟೀನ್ ಇದೆ. ಹಿಂಗಾರಿನಲ್ಲಿ ನೆಲದ ತೇವಕ್ಕೇ ಬೆಳೆದು ನಿಲ್ಲುವ ಬೆಳೆ ಅದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡು. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತೆ, ಒಂದು ಪಾವು ಕಾಳು ಪಾತ್ರೆ ತುಂಬ ಆಗಿರುತ್ತೆ. ಅದನ್ನು ಬೇಯಲು ಹಾಕಿ, ಮುಕ್ಕಾಲು ಬೆಂದ ಮೇಲೆ ಎರಡು ಕಟ್ಟು ದಂಟಿನ ಸೊಪ್ಪೋ ಬೆರಕೆ ಸೊಪ್ಪೋ ಹೆಚ್ಚಿ ಹಾಕು. ಬೆಂದಾಗ ನೀರು ಬಸಿದುಕೋ. ಆ ನೀರೇ ಕಟ್ಟು, ಅದನ್ನು ಚೆಲ್ಲಿದರೆ ಸಾರವೆಲ್ಲ ಹೋಯಿತು ಅಂತಲೇ ತಿಳಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ, ಹುಣಸೆಹಣ್ಣು, ಚೂರು ಕಾಯಿ, ಬೆಂದ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿದರೆ ಬಸ್ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಗ್ಯಾಸಿನುರಿ, ಎರಡು ಅಡುಗೆ. ಮರುದಿನ ಕುದಿಸಿದ ಬಸ್ಸಾರಿನ ರುಚಿಯಂತೂ ನಿನಗೇ ಗೊತ್ತಲ್ಲ.

ದುಡ್ಡು ಜಾಸ್ತಿ ಕೊಟ್ಟಾದರೂ ಸಾವಯವದ್ದೇ ತರಬೇಕಾದ್ದು ಇದೆ, ಅದು ಸೊಪ್ಪು. ನಾವು ತಿನ್ನೋದು ಎಲೆಯನ್ನೇ, ಔಷಧಿ ಬೀಳೋದೂ ಎಲೆಯ ಮೇಲೇ. ಊರ ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪಂತೂ ಬೇಡವೇ ಬೇಡ. ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ ಚೆಲ್ಲಿಕೋ, ಬಾಡಿಗೆ ಮನೆಯಾದರೇನಂತೆ. ಹೂಕೋಸು, ದಪ್ಪ ಮೆಣಸಿನಕಾಯಿ, ದ್ರಾಕ್ಷಿ ಇವಕ್ಕೆ ಔಷಧಿ ಜಾಸ್ತಿ. ಸಾವಯವದ್ದು ಎಟುಕದಿದ್ದರೆ ಕಡಿಮೆ ತಿನ್ನಿ, ಅಷ್ಟೇ. ಅದರ ಬದಲು ಸಿಹಿಗುಂಬಳ, ಬಾಳೆದಿಂಡು, ಬಾಳೆಹೂ, ಗೆಣಸು, ಸೊಪ್ಪಿನ ಪೈಕಿ ನುಗ್ಗೆ ಮಾತ್ರ, ಕಾಲ ಬಂದಾಗ ಹಲಸು ತಗೋ. ಇವು ಸಂತೆಯಲ್ಲಿ ಸಿಗುವ ಸಾಧಾರಣದ್ದೇ ಆದರೂ ನಾನು ಚಿಂತೆ ಮಾಡಲ್ಲ. ಉಪ್ಪುನೀರಿನಲ್ಲಿ ತೊಳೆದರೆ ಎಲ್ಲ ಹೋಗುತ್ತೆ ಅಂತ ಮಾತ್ರ ನಂಬಬೇಡ. ಮೇಲಿನದು ಒಂದಷ್ಟು ಹೋಗುತ್ತೆ, ಗಿಡ ಒಳಗೆ ಹೀರಿಕೊಂಡದ್ದು ಹೋಗಲ್ಲ.

ಬೆಲ್ಲ ಕೊಳ್ಳುವಾಗಲೂ ಎಚ್ಚರ: ಫಳಫಳ ಹಳದಿ ಇದ್ದರೆ ಬಿಟ್ಟು ಬಾ, ಆ ಬಣ್ಣ ಬರಿಸೋಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕ್ತಾರೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತು ಈಗ ಹೇಳ್ತೀನಿ. ಸಾವಯವ ತರೋದಕ್ಕೆ ಅಂತ ಮಕ್ಕಳ ಮೊಟ್ಟೆ, ಹಾಲು, ಬೇಳೆ ಕಡಿಮೆ ಮಾಡಬೇಡ. ಸಾಧಾರಣ ಮೊಟ್ಟೆ ತಿಂದ ಮಗುವಿಗಿಂತ ಮೊಟ್ಟೆಯೇ ಇಲ್ಲದ ಮಗುವಿಗೆ ನಷ್ಟ ಜಾಸ್ತಿ. ಕಾರ್ಡಿಗೆ ಪಡಿತರದ ಅಕ್ಕಿ ಬರುತ್ತೆ ಅಂದರೆ ತಂದು ಉಣ್ಣಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಅಲ್ಲಿ ಉಳಿದ ದುಡ್ಡು ಸೊಪ್ಪಿಗಾಗುತ್ತೆ, ಕಡಲೆಕಾಯಿ ಎಣ್ಣೆಗಾಗುತ್ತೆ. ತಟ್ಟೆಯಲ್ಲಿ ಸಾಲದೆ ಎದ್ದ ಮಗುವಿನ ಹಸಿವನ್ನು ಯಾವ ಲೇಬಲ್ಲೂ ತುಂಬಲ್ಲ.

ಸರ್ಟಿಫಿಕೇಟ್ ಬಗ್ಗೆ ಕೇಳಿದ್ದೆಯಲ್ಲ. ಪ್ಯಾಕೆಟ್ಟಿನದನ್ನು ಕೊಳ್ಳುವಾಗ ಸರ್ಕಾರದ ಸಾವಯವ ಗುರುತು ನೋಡು. ರೈತರ ಗುಂಪುಗಳು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುವ ಪಿಜಿಎಸ್ ಪದ್ಧತಿಯೂ ಇದೆ. ಆದರೆ ನೇರವಾಗಿ ಮನೆಗಳಿಗೆ ಮಾರುವ ಸಣ್ಣ ರೈತರಿಗೆ 2017ರ ಸಾವಯವ ಆಹಾರ ನಿಯಮದಲ್ಲೇ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದ್ದಾರೆ. ಅಂಥವರ ಹತ್ತಿರ ಕಾಗದ ಕೇಳಬೇಡ, ಹೊಲ ತೋರಿಸಿ ಅನ್ನು. ಮಕ್ಕಳನ್ನೂ ಕರಕೊಂಡು ಹೋಗು. ತಿಪ್ಪೆ ಎಲ್ಲಿದೆ, ದನ ಎಷ್ಟಿವೆ, ಔಷಧಿ ಡಬ್ಬಿ ಬದುವಿನಲ್ಲಿ ಬಿದ್ದಿದೆಯಾ, ಎಲ್ಲ ಕಣ್ಣಿಗೇ ಕಾಣುತ್ತೆ.

ಎಲ್ಲವನ್ನೂ ಒಟ್ಟಿಗೆ ಶುರು ಮಾಡೋಕೆ ಹೋಗಬೇಡ, ಕೈ ಸೋತುಹೋಗುತ್ತೆ. ಈಗ ರಾಗಿ, ಹುರುಳಿ, ಸೊಪ್ಪು ಸಾಕು. ಸುಗ್ಗಿಯಲ್ಲಿ ತೊಗರಿ ಬಂದಾಗ ವರ್ಷಕ್ಕಾಗುವಷ್ಟು ಹಿಡಿದುಕೋ, ಬೇಸಿಗೆಯ ಶುರುವಿಗೆ ಹುಣಸೆಹಣ್ಣು, ಮೆಣಸಿನಕಾಯಿ. ತೊಗರಿ ಕಾಳಿಗೆ ಹರಳೆಣ್ಣೆ ಸವರಿ ಒಂದು ಬಿಸಿಲು ಕಾಣಿಸಿ ಡಬ್ಬಕ್ಕೆ ತುಂಬು. ಹುಳು ಬಂದರೆ ಫೋನ್ ಮಾಡು, ಬಂದು ಕೇರಿಕೊಡ್ತೀನಿ.