ಹಲ್ಮಾ: ಕೂಡಿದ ಕೈಗಳ ಸಾಮರ್ಥ್ಯ

ಒಬ್ಬನು 40 ದಿನಗಳಲ್ಲಿ ಅಗೆಯುವ ಮಣ್ಣನ್ನು 40 ಮಂದಿ ಒಂದೇ ದಿನದಲ್ಲಿ ಅಗೆದರೆ, ಭೌತಶಾಸ್ತ್ರದ ಭಾಷೆಯಲ್ಲಿ ನಡೆದ ಕೆಲಸ ಅಷ್ಟೇ. ಸಾಮರ್ಥ್ಯ ಮಾತ್ರ 40 ಪಟ್ಟು. ಏಕೆಂದರೆ ಸಾಮರ್ಥ್ಯವೆಂಬುದು ಕೆಲಸ ನಡೆಯುವ ದರ.

ಈ ಭೇದ ಬರಿಯ ಲೆಕ್ಕದ್ದೆಂದು ತೋರಬಹುದು. ಮಧ್ಯಪ್ರದೇಶದ ಪಶ್ಚಿಮದಂಚಿನ ಝಾಬುವಾ ಜಿಲ್ಲೆಯ ಭಿಲ್ಲರಿಗೆ ಅದು ಅನ್ನದ ಪ್ರಶ್ನೆ. ಅಲ್ಲಿ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುತ್ತದೆ. ಅದಕ್ಕೆ ಮೊದಲು ಸೂರು ಸರಿಪಡಿಸದಿದ್ದರೆ, ಹದವಿರುವಾಗಲೇ ಬಿತ್ತದಿದ್ದರೆ, ಆಮೇಲೆ ದುಡಿದು ಫಲವಿಲ್ಲ. ಕೈಲಾದಷ್ಟು ಮಾಡಿಯೂ ಸೋತವನು ಆಗ ‘ಹಲ್ಮಾ’ ಕರೆಯುತ್ತಾನೆ. ಊರವರು ಬಂದು ಕೂಲಿಯಿಲ್ಲದೆ ಕೆಲಸ ಮುಗಿಸಿಕೊಡುತ್ತಾರೆ.

ನಮ್ಮ ಹಳ್ಳಿಗಳ ಮುಯ್ಯಾಳನ್ನು ಬಲ್ಲವರಿಗೆ ಇದು ಹೊಸದೆನಿಸದು. ಆದರೆ ಮುಯ್ಯಾಳಿನಲ್ಲಿ ಬಂದ ಆಳಿಗೆ ಪ್ರತಿಯಾಗಿ ಆಳು ಹೋಗಬೇಕು. ಹಲ್ಮಾದಲ್ಲಿ ಆ ಲೆಕ್ಕವಿಲ್ಲ. ಕಷ್ಟಕ್ಕೆ ಸಿಕ್ಕವನೊಡನೆ ಲೆಕ್ಕ ಹಿಡಿಯದಿರುವುದೇ ಮೇಲೆಂದು ನಮಗೆ ತೋರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಬೆಟ್ಟಕ್ಕಾಗಿಯೂ ಹಲ್ಮಾ ನಡೆದಿದೆ. ಝಾಬುವಾ ಪಟ್ಟಣದ ಬಳಿಯ ಹಾಥೀಪಾವಾ ಗುಡ್ಡದಲ್ಲಿ ಸಾವಿರಾರು ಮಂದಿ ನೆರೆದು, ಒಂದೇ ಎತ್ತರದ ರೇಖೆಗುಂಟ ಕಂದಕಗಳನ್ನು ತೋಡಿದ್ದಾರೆ. ಇಳಿಜಾರಿನಲ್ಲಿ ನೀರಿನ ವೇಗ ಹೆಚ್ಚಿದಷ್ಟೂ ಮಣ್ಣು ಕೊಚ್ಚಿಹೋಗುತ್ತದೆ. ಕಂದಕದಲ್ಲಿ ನಿಂತ ನೀರು ನಿಧಾನವಾಗಿ ಇಂಗುತ್ತದೆ. 3 ಮೀಟರ್ ಉದ್ದ, 1 ಮೀಟರ್ ಅಗಲ, ಅರ್ಧ ಮೀಟರ್ ಆಳದ ಕಂದಕವೊಂದನ್ನು ಊಹಿಸಿಕೊಳ್ಳಿ. ಒಮ್ಮೆ ತುಂಬಿದರೆ 1,500 ಲೀಟರ್ ನೀರು! ಆದರೆ ಒಂಟಿ ಕಂದಕದಿಂದ ಪ್ರಯೋಜನ ಸ್ವಲ್ಪ. ಮೇಲಿನಿಂದ ನುಗ್ಗುವ ನೀರು ಅದನ್ನು ಬೇಗನೆ ತುಂಬಿ, ಹೂಳು ಬಿಟ್ಟು, ಮುಂದಕ್ಕೆ ಹರಿಯುತ್ತದೆ. ಗುಡ್ಡದ ಮೈಗೆಲ್ಲ ಸಾಲುಸಾಲಾಗಿ ಕಂದಕಗಳಿರಬೇಕು, ಅದೂ ಮೊದಲ ಮಳೆ ಬೀಳುವುದರೊಳಗೆ.