ಸದ್ಯಕ್ಕೆ ಕುರ್ತಿಯೊಂದೇ ಸಾಕು

ಹೊಲಿಯಬೇಕೆಂದುಕೊಂಡಿರುವ ನಿಮ್ಮ ಪಟ್ಟಿಯಲ್ಲಿ ಕುರ್ತಿ, ಪಲಾಜೊ, ಖಣದ ರವಿಕೆ, ಮಗಳ ಲಂಗ ಎಲ್ಲವೂ ಇವೆ. ಸದ್ಯ ಕುರ್ತಿಯೊಂದನ್ನೇ ಇಟ್ಟುಕೊಂಡು, ಒಂದೇ ಪೇಪರ್ ಕಟಿಂಗ್‌ನಿಂದ ನಾಲ್ಕು ಹೊಲಿಯಿರಿ. ಮನೆ ಹೊಲಿಗೆಯಲ್ಲಿ ಬಟ್ಟೆ ಕೆಡುವುದು ಮಷಿನ್ ಮೇಲೆ ಕಡಿಮೆ, ಕತ್ತರಿ ಹಾಕುವಾಗಲೇ ಹೆಚ್ಚು. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದು ಮರಳಿ ಸೇರದು. ಕಂಕುಳ ತಿರುವು ಒಂದಿಂಚು ಹೆಚ್ಚು ಕೆಳಗಿಳಿದರೆ ಕೈಯೆತ್ತಿದಾಗ ಇಡೀ ಕುರ್ತಿಯೇ ಮೇಲೇಳುತ್ತದೆ. ಅದನ್ನು ಕಾಗದದ ಮೇಲೆ ತಿದ್ದಿಟ್ಟರೆ ಮುಂದಿನ ಮೂರಕ್ಕೂ ಒದಗುತ್ತದೆ. ಪ್ರತಿ ಸಲ ಹೊಸ ಉಡುಪಿಗೆ ಕೈಹಾಕಿದರೆ ಕಲಿತದ್ದು ಅಲ್ಲಲ್ಲೇ ಉಳಿಯುತ್ತದೆ.

ನಾಲ್ಕೂ ಒಂದೇ ಥರ ಕಾಣುತ್ತವೆ ಎಂಬ ಅಳುಕು ಬೇಡ; ಕತ್ತು, ತೋಳಿನುದ್ದ, ಬಟ್ಟೆ ಬದಲಾದರೆ ನೋಡುವವರಿಗೆ ಬೇರೆಯೇ. ರೆಡಿಮೇಡ್ ಅಗ್ಗವಲ್ಲವೇ ಎಂದೂ ಕೇಳಿದ್ದೀರಿ. ಹೌದು, ಎಷ್ಟೋ ಸಲ ಅಗ್ಗವೇ. ಬಟ್ಟೆ, ಲೈನಿಂಗ್, ದಾರ ಸೇರಿದರೆ ಉಳಿತಾಯ ಕರಗಿಹೋಗುತ್ತದೆ. ಆದರೆ ಎದೆಗೆ ಸರಿಯಾದದ್ದು ಭುಜಕ್ಕೆ ಜೋಲುವ ಮೈಕಟ್ಟಿಗೆ ಅಂಗಡಿಯ ಸೈಜುಗಳಲ್ಲಿ ಉತ್ತರವಿಲ್ಲ, ನಿಮ್ಮ ಕಾಗದದಲ್ಲಿದೆ.

ಮೊಣಕಾಲುದ್ದದ ಕುರ್ತಿಗೆ 44 ಇಂಚು ಅಗಲದ ಕಾಟನ್ ಸುಮಾರು 2.5 ಮೀಟರ್ ಬೇಕು. ಕತ್ತರಿಸುವ ಮುನ್ನ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ಮೊದಲನೆಯದಕ್ಕೆ ಗೆರೆ, ಚೌಕುಳಿ ಬೇಡ, ಜೋಡಿಸುವುದು ಕಷ್ಟ. ಗುಳೇದಗುಡ್ಡದ ಖಣವನ್ನು ಕೊನೆಗಿಡಿ. ರವಿಕೆಗೆಂದೇ ನೇಯ್ದ ಆ ಬಟ್ಟೆಯ ಅಗಲ ಕಡಿಮೆ. ನಾಲ್ಕನೇ ಕುರ್ತಿಯ ಎದೆಭಾಗಕ್ಕಷ್ಟೇ ಜೋಡಿಸಿ. ಅಲ್ಲಿಯವರೆಗೆ ಪಟ್ಟಿಯ ಬೇರೆ ಉಡುಪುಗಳಿಗೆ ಬಟ್ಟೆ ಕೊಳ್ಳಬೇಡಿ.